ಬಾಗಿಲವರೆಗಿನ ಚೌಕಾಸಿ

ಹಳೇ ಫರ್ನಿಚರ್ ವ್ಯಾಪಾರದಲ್ಲಿ ಅವನಿಗೆ ಒಂದು ವಿದ್ಯೆ ಕೈಗೆ ಹತ್ತಿತ್ತು. ಎದ್ದು ಹೊರಡುವ ವಿದ್ಯೆ. ಯಾರದೋ ಮನೆಗೆ ಕಪಾಟು ಕೊಳ್ಳಲು ಹೋದರೆ ಮೊದಲು ಅದನ್ನು ಬೆರಳಿಂದ ಕುಟ್ಟಿ ಮೂಗು ಮುರಿಯುತ್ತಿದ್ದ. ಹುಳ ಬಿದ್ದಿದೆ ಎನ್ನುತ್ತಿದ್ದ, ಕೀಲು ಸಡಿಲ ಎನ್ನುತ್ತಿದ್ದ. ಮನೆಯವರು ಜಗ್ಗದಿದ್ದರೆ "ಹಾಗಾದ್ರೆ ಇಟ್ಕೊಳ್ಳಿ, ಮೊಮ್ಮಕ್ಕಳಿಗೆ ಆಗತ್ತೆ" ಎಂದು ಎದ್ದೇಬಿಡುತ್ತಿದ್ದ. ಬಾಗಿಲ ಹತ್ತಿರ ಬೂಟಿನ ಲೇಸು ಕಟ್ಟುವುದಕ್ಕೆ ಮಾತ್ರ ಮಹಾರಾಯನಿಗೆ ಎಲ್ಲಿಲ್ಲದ ನಿಧಾನ. ಅಷ್ಟರಲ್ಲಿ ಹಿಂದಿನಿಂದ "ಸ್ವಲ್ಪ ನಿಲ್ಲಿ" ಎಂಬ ದನಿ ಬರಲೇಬೇಕು. ಬರುತ್ತಿತ್ತು ಕೂಡ. ಇಷ್ಟು ವರ್ಷ ಒಮ್ಮೆಯೂ ಕೈಕೊಡದ ವಿದ್ಯೆ ಅದು. ಅದನ್ನು ಹೊತ್ತುಕೊಂಡು ಹೋಗಿ ಮಗಳ ಕಾಲೇಜಿನಲ್ಲಿ ಬಿಚ್ಚಿದ ನೋಡಿ, ಅವನ ದುರ್ಬುದ್ಧಿಗೆ ಏನು ಹೇಳೋಣ!

ಮಗಳಿಗೆ ಕೃತಕ ಕೈಕಾಲು ತಯಾರಿಸುವುದನ್ನು ಕಲಿಯುವ ಹುಚ್ಚು. ಚಿಕ್ಕಂದಿನಿಂದ ಅಪ್ಪನ ಅಂಗಡಿಯ ಹಿಂಭಾಗದಲ್ಲಿ ಕುಂಟು ಕುರ್ಚಿಗಳಿಗೆ ಕಾಲು ಜೋಡಿಸುತ್ತ ಬೆಳೆದವಳು. ಎರಡು ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಊರಿನ ಕಾಲೇಜು ಅರ್ಧಕ್ಕಿಂತ ಹೆಚ್ಚು ಫೀಸು ಬಿಡುವುದಾಗಿ ಬರೆದಿತ್ತು. ಯಾರೋ ಪುಣ್ಯಾತ್ಮ ಬಿಟ್ಟುಹೋದ ನಿಧಿ, ವಾಪಸು ಕೊಡುವ ಮಾತಿಲ್ಲ. ದೂರದ ಕಾಲೇಜು ಅದಕ್ಕಿಂತ ದೊಡ್ಡ ಮೊತ್ತವನ್ನೇ ಕಾಣಿಸಿತ್ತು. ಅಪ್ಪ ಎರಡೂ ಪತ್ರಗಳನ್ನು ಊಟದ ಮೇಜಿನ ಮೇಲೆ ಅಕ್ಕಪಕ್ಕ ಹರವಿಕೊಂಡು ಕೂತ.

"ಆ ದೊಡ್ಡದು ನೋಡಿ ಮರುಳಾಗ್ಬೇಡ ಅಪ್ಪ. ಅದರಲ್ಲಿ ಮುಕ್ಕಾಲು ಪಾಲು ಸಾಲ. ಕೆಲಸ ಸಿಕ್ಕಿದ ಮೇಲೆ ನಾನೇ ತೀರಿಸ್ಬೇಕು" ಎಂದಳು ಮಗಳು.

"ಗೊತ್ತಮ್ಮ, ನಾನೇನು ಓದೋಕೆ ಬರದವನಾ? ಆದ್ರೆ ಇದನ್ನ ತೋರಿಸಿ ಹೆದರಿಸಿದ್ರೆ ಇಲ್ಲಿಯವರೂ ಏರಿಸ್ತಾರೆ."

"ನಿಮ್ಮ ಚೌಕಾಸಿ ಮೇಜು ಕುರ್ಚಿ ಹತ್ರ ಇರ್ಲಿ" ಎಂದಳು ಹೆಂಡತಿ. "ಸುಮ್ನೆ ಹೋಗಿ ಒಪ್ಪಿಗೆ ಕೊಟ್ಟು ಬನ್ನಿ." ಕಿವಿಗೆ ಹಾಕಿಕೊಂಡರೆ ತಾನೆ!

ಒಪ್ಪಿಗೆ ಕೊಡಲು ಕೊನೆಯ ದಿನವೇ ಹೊರಟ. ಕೊನೆಯ ದಿನ ಎದುರಿನವರಿಗೆ ಅವಸರ ಹೆಚ್ಚು ಎಂಬುದು ಅವನ ಲೆಕ್ಕ. ಕಾಲೇಜಿನ ಮೆಟ್ಟಿಲು ಹತ್ತುತ್ತ ಮಗಳಿಗೆ ತಾಕೀತು ಮಾಡಿದ: "ಒಳಗೆ ನಾನೇನೇ ಅಂದ್ರೂ ನೀನು ಹೂಂ ಅನ್ನು ಪುಟ್ಟಿ. ಬಾಯಿ ಹಾಕಿ ಕೆಲಸ ಕೆಡಿಸ್ಬೇಡ."

ಧನಸಹಾಯದ ಕೋಣೆಯಲ್ಲಿ ಕನ್ನಡಕ ಹಾಕಿದ ಹೆಂಗಸೊಬ್ಬಳು ಕಂಪ್ಯೂಟರಿನ ಮುಂದೆ ಕೂತಿದ್ದಳು. ಅವನು ದೂರದ ಕಾಲೇಜಿನ ಪತ್ರವನ್ನು ಮೇಜಿನ ಮೇಲಿಟ್ಟು ಶುರುಮಾಡಿದ. ಕಟ್ಟಡ ಹಳೇದು ಎಂದ. ಲಿಫ್ಟು ಕೆಟ್ಟಿದೆ, ಗೋಡೆ ಬಣ್ಣ ಉದುರಿದೆ ಎಂದ. ಆಮೇಲೆ ಮಗಳ ಬೆನ್ನು ತಟ್ಟಿ, "ನಮ್ಮ ಹುಡುಗಿ ಗಟ್ಟಿ ಸಾಮಾನು ಮೇಡಂ, ಎಲ್ಲಿಟ್ರೂ ಬಾಳಿಕೆ ಬರತ್ತೆ" ಎಂದ. ಮಗಳು ನೆಲ ನೋಡಿದಳು.

"ಇದಕ್ಕಿಂತ ಹೆಚ್ಚು ಕೊಡೋಕೆ ನಮ್ಮ ಹತ್ರ ಇಲ್ಲ ಸಾರ್" ಎಂದಳು ಆಕೆ ಮೆತ್ತಗೆ. "ಇಷ್ಟಾದ್ರೂ ಸಿಗ್ಲಿ ಅಂತ ಕಾಯ್ತಿರೋರು ಇದ್ದಾರೆ."

"ಹಾಗಾದ್ರೆ ಅವರಿಗೇ ಕೊಡಿ. ನಮಗೆ ಬೇಡ."

"ಯೋಚನೆ ಮಾಡಿ ಹೇಳಿ ಸಾರ್. ಇವತ್ತೇ ಕೊನೇ ದಿನ. ನಿಜವಾಗ್ಲೂ ಬೇಡ್ವಾ?"

"ಬೇಡ ಅಂದ್ಮೇಲೆ ಬೇಡ!"

ಆಕೆ ಮಗಳ ಕಡೆ ತಿರುಗಿದಳು. "ಸೀಟು ನಿನ್ನದಮ್ಮ, ನೀನು ಹೇಳ್ಬೇಕು. ನಿಂಗೂ ಬೇಡ್ವಾ?"

ಮಗಳು ಅಪ್ಪನ ಮುಖ ನೋಡಿದಳು. ಅವನು ಕಣ್ಣು ಹೊಡೆದ. "ಹೂಂ, ಬೇಡ" ಎಂದಳು ಹುಡುಗಿ. ದನಿ ಅವಳಿಗೇ ಕೇಳಿಸಿತೋ ಇಲ್ಲವೋ.

ಅವನು ಠೀವಿಯಿಂದ ಎದ್ದ. ಬಾಗಿಲ ಬಳಿ ಬಗ್ಗಿ, ಬಿಚ್ಚದೇ ಇದ್ದ ಲೇಸನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದ. ಒಂದು ಬೂಟು ಮುಗಿಯಿತು. ಇನ್ನೊಂದಕ್ಕೆ ಕೈಹಾಕಿದ. ಹಿಂದಿನಿಂದ ದನಿ ಬಂತು, ಆದರೆ ಅವನಿಗಲ್ಲ. ಆಕೆ ಫೋನಿನಲ್ಲಿ ಮಾತಾಡುತ್ತಿದ್ದಳು.

"ಹೌದಮ್ಮ, ನಿಮ್ಮ ಮಗನಿಗೇ. ಸೀಟೂ ಫೀಸಿನ ಸಹಾಯವೂ ಈಗ ತಾನೇ ಖಾಲಿ ಆಯ್ತು. ಅಯ್ಯೋ, ಅಳಬೇಡಿ... ನಿಜವಾಗ್ಲೂ ಸಿಕ್ಕಿದೆ."

ಅವನು ಒಂದು ಲೇಸು ಬಿಚ್ಚಿರುವಂತೆಯೇ ಒಳಗೆ ಓಡಿದ. "ಮೇಡಂ, ನಾನು ಮಾತಿಗೆ ಅಂದಿದ್ದು! ನಮಗೆ ಬೇಕು. ಇಷ್ಟೇ ಸಾಕು."

"ನಾನು ಮತ್ತೆ ಮತ್ತೆ ಕೇಳಿದೆ ಸಾರ್. ನಿಮ್ಮ ಮಗಳನ್ನೂ ಕೇಳಿದೆ." ಆಕೆಯ ಮುಖದಲ್ಲಿ ಸಿಟ್ಟಿರಲಿಲ್ಲ, ಸಂಕಟವಿತ್ತು. "ಈಗ ಆ ತಾಯಿಗೆ ಇಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ? ನೀವಾದ್ರೆ ಹೇಳ್ತೀರಾ?"

ಅವನ ಕೈ ಫೋನಿನ ಕಡೆ ಹೋಯಿತು. ಸುಳ್ಳಲ್ಲ, ಹೋಗೇಬಿಟ್ಟಿತು. ಯಾರೋ ಹೆಂಗಸು ಅತ್ತು ಸಂತೋಷಪಟ್ಟದ್ದನ್ನು ಕಿತ್ತುಕೊಳ್ಳಲು ಅವನು ತಯಾರಿದ್ದ. ಮಗಳು ಆ ಕೈಯನ್ನು ಹಿಡಿದು ಕೆಳಗಿಳಿಸಿದಳು. "ಬಾ ಅಪ್ಪ" ಎಂದಳು. ನಾಚಿಕೆಯಿಂದ ಅವನು ತಲೆ ತಗ್ಗಿಸಿ ಅವಳ ಹಿಂದೆ ನಡೆದ.

ಬಸ್ ಸ್ಟಾಪಿನ ಬೆಂಚಿನಲ್ಲಿ ಇಬ್ಬರೂ ಕೂತರು. ಅವಳು ಬೈದಿದ್ದರೆ, ಅತ್ತಿದ್ದರೆ, ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಎರಡು ಬಸ್ಸು ಹೋದ ಮೇಲೆ ಅವಳು ಕೇಳಿದಳು: "ಅವರು ಎಷ್ಟು ಏರಿಸಿದ್ರೆ ನಾವು ಸೇರಬಹುದಿತ್ತು ಅಪ್ಪ?"

ಸುಳ್ಳು ಹೇಳಬಹುದಿತ್ತು. ಇಷ್ಟು ಏರಿಸದಿದ್ದರೆ ಕೈಲಾಗುತ್ತಿರಲಿಲ್ಲ ಎಂದು ಯಾವುದೋ ಒಂದು ಅಂಕಿ ಬಿಸಾಕಿದ್ದರೆ ಅವಳು ನಂಬುತ್ತಿದ್ದಳು, ಮಾನವೂ ಉಳಿಯುತ್ತಿತ್ತು. ಆದರೆ ನಿಜವೇ ಹೊರಬಂತು.

"ಏರಿಸೋದೇ ಬೇಕಿರ್ಲಿಲ್ಲ ಪುಟ್ಟಿ. ಉಳಿದದ್ದು ನನ್ನ ಹತ್ರ ಇತ್ತು. ಬ್ಯಾಂಕಲ್ಲೇ ಇದೆ."

ಅವಳು ರಸ್ತೆಯ ಕಡೆ ತಿರುಗಿದಳು. ಇನ್ನು ದೂರದ ಕಾಲೇಜೇ ಗತಿ; ಬ್ಯಾಂಕಿನ ದುಡ್ಡು ಅಲ್ಲಿನ ಊಟ ವಸತಿಗೇ ಸರಿ, ಸಾಲ ಅವಳ ಹೆಸರಿಗೆ. ಕಣ್ಣು ತುಂಬಿತ್ತು, ಆದರೆ ತುಳುಕಲು ಬಿಡಲಿಲ್ಲ.

"ನೀನು ಕಣ್ಣು ಹೊಡೆದಾಗ ನಂಗೆ ನಗು ಬಂದಿತ್ತು ಅಪ್ಪ" ಎಂದಳು. "ನೀನು ಗೆದ್ದೇ ಗೆಲ್ತೀಯಾ ಅನ್ಕೊಂಡೆ."

ಅವನು ಬಗ್ಗಿ, ಬಿಚ್ಚಿಯೇ ಉಳಿದಿದ್ದ ಲೇಸನ್ನು ಕಟ್ಟಿದ.

"ಮನೇಲಿ ಅಮ್ಮ ಕೇಳಿದ್ರೆ, ದೂರದ ಕಾಲೇಜೇ ಇಷ್ಟ ಆಯ್ತು, ನಾನೇ ಬೇಡ ಅಂದೆ ಅಂತ ಹೇಳ್ತೀನಿ."

"ಬೇಡ, ನಡೆದದ್ದನ್ನೇ ಹೇಳೋಣ, ಬೈಸಿಕೊಳ್ಳಬೇಕಾದವನು ನಾನು" ಎನ್ನಬೇಕಿತ್ತು ಅಪ್ಪನಾದವನು. ಆ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಬಸ್ಸು ಬಂತು. ಅವನು ಎದ್ದು, ಅವಳ ಮುಖ ನೋಡದೆ, "ಹಾಗೇ ಹೇಳು ಪುಟ್ಟಿ" ಎಂದ.