ಭೋಂಗಾದ ಮಡಿ

ಅಂದು ಬಿಸಿಲು ಬಿದ್ದದ್ದೇ ದೊಡ್ಡ ಕಂಟಕವಾಯಿತು. ಮೋಡ ಕವಿದು ನಾಲ್ಕು ಹನಿ ಉದುರಿದ್ದರೂ ಮನೋಳಿಯ ಹೆಂಗಸರು ಹೊಳೆಯ ಮೇಲೆ ಒಂದು ಕಣ್ಣಿಟ್ಟಿರುತ್ತಿದ್ದರು. ಆದರೆ ಮಳೆಯೆಲ್ಲ ದೂರ ಮೇಲೆ, ಖಾನಾಪುರದ ಅಡವಿಯಲ್ಲಿ ಸುರಿಯುತ್ತಿತ್ತು. ಇಲ್ಲಿ ಕೆಳಗೆ ನಿಚ್ಚಳ ಆಕಾಶ. ನವರಾತ್ರಿಗೆ ಘಟ ಹಾಕುವ ಮೊದಲು ಮನೆಯ ಹಾಸಿಗೆ ಹೊದಿಕೆಯೆಲ್ಲ ಒಗೆದು ಒಣಗಬೇಕು; ಅದಕ್ಕೆಂದೇ ಓಣಿಗಳೆಲ್ಲ ಖಾಲಿಯಾಗಿ, ಹೆಂಗಸರು ಕೌದಿಗಳನ್ನು ತಲೆಯ ಮೇಲೆ ಹೊತ್ತು ಮಲಪ್ರಭೆಗೆ ಇಳಿದಿದ್ದರು. ನಡುಹೊಳೆಯ ಬಂಡೆಗಳ ಮೇಲೆ ಬಣ್ಣಬಣ್ಣದ ಕೌದಿಗಳು ಒಣಗುತ್ತಿದ್ದವು. ಮೇಲಿನ ಅಣೆಕಟ್ಟಿನ ಗೇಟು ಎತ್ತಿದ್ದು ಅವರಾರಿಗೂ ಗೊತ್ತಿರಲಿಲ್ಲ.

ಗೊತ್ತುಮಾಡಬೇಕಾಗಿದ್ದವಳು ಸುಚೇತಾ. ಸವದತ್ತಿಯ ಎಚ್ಚರಿಕೆ ಕೇಂದ್ರದಲ್ಲಿ ಹೊಳೆದಂಡೆಯ ಸೈರನ್ನುಗಳನ್ನು ನಡೆಸುವ ಕಂಪ್ಯೂಟರು ಅವಳ ಸುಪರ್ದಿಯಲ್ಲಿತ್ತು. ಸೈರನ್ ಎಂಬುದು ಕಚೇರಿಯ ಮಾತು. ಊರ ಜನರ ಬಾಯಲ್ಲಿ ಅದು ಭೋಂಗಾ.

"ಅಕ್ಕಾರ, ಭೋಂಗಾ ಯಾಕ ಒದರವಲ್ದು?" ಎಂದು ಫೋನಿನಲ್ಲಿ ಕೇಳಿದವನು ಮನೋಳಿಯ ಭೋಂಗಾದ ಕಂಬವನ್ನು ನೋಡಿಕೊಳ್ಳುವ ಲಕ್ಷ್ಮಣ. "ಗೇಟ್ ಎತ್ತೇವಿ ಅಂತ ನನಗೂ ಫೋನ್ ಬಂತು. ಹೆಣ್ಮಕ್ಕಳೆಲ್ಲಾ ಹೊಳ್ಯಾಗ ಅದಾರ್ರಿ!"

"ನೀ ಎಲ್ಲಿದ್ದೀ?"

"ಯರಗಟ್ಟಿ ಹಾದ್ಯಾಗ ಅದೀನ್ರಿ. ಗಾಡಿ ತಿರುವೇನಿ. ಆದ್ರ ನಾ ಮುಟ್ಟೂದ್ರಾಗ ನೀರು ಮುಟ್ಟತೈತಿ."

"ಅವರ ಫೋನಿಗೆ ಹಚ್ಚಿ ನೋಡು."

"ಕೌದಿ ಒಗ್ಯಾಕ ಹೋದವ್ರು ಫೋನ್ ಒಯ್ತಾರೇನ್ರಿ? ನಮ್ಮ ಮನ್ಯಾಕಿ ಫೋನು ಮನ್ಯಾಗ ಕುಂತು ಹಾಡಾಕತ್ತೈತಿ!"

ಸುಚೇತಾ ಪರದೆ ನೋಡಿದಳು. ನೀರು ಬಿಟ್ಟ ಸೂಚನೆ ಸರಿಯಾಗಿಯೇ ಬಂದಿತ್ತು. ಭೋಂಗಾ ಊದುವ ಪ್ರೋಗ್ರಾಮ್ ಎದ್ದಿತ್ತು, ಏನನ್ನೋ ಓದಲು ಹೋಗಿತ್ತು, ಸುಮ್ಮನಾಗಿತ್ತು. ಕೆಳಗೆ ಒಂದು ಕೆಂಪು ಸಾಲು: ಅನುಮತಿ ಇಲ್ಲ.

ತಡೆದದ್ದು ಅವಳೇ ಕಟ್ಟಿದ ಕಾವಲು.

ಆ ಕಾವಲಿಗೆ ಒಂದು ಕಾರಣವಿತ್ತು. ಕಾರಹುಣ್ಣಿವೆಯ ಹೊತ್ತಿಗೆ ಯಾರೋ ಹೊರಗಿನವರು, ಹೊಳೆಯ ಚಿತ್ರ ತೋರಿಸುವ ಇನ್ನೊಂದು ಪ್ರೋಗ್ರಾಮಿನ ಸಂದಿಯಿಂದ ಕಂಪ್ಯೂಟರಿನೊಳಗೆ ನುಸುಳಿ, ಸುಳ್ಳೇ ಭೋಂಗಾ ಊದಿಸಿದ್ದರು. ಊರೇ ಎದ್ದು ಓಡಿತು. ಶಟ್ಟೆಪ್ಪನೆಂಬ ಮುದುಕ ಹೊಳೆಯ ಮೆಟ್ಟಿಲ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡ. ಹೊಳೆಯಲ್ಲಿ ಮಾತ್ರ ಎಮ್ಮೆಗಳು ನೆಮ್ಮದಿಯಾಗಿ ಮಲಗಿದ್ದವು.

ಸುಚೇತಾ ಅವನನ್ನು ನೋಡಲು ಹೋಗಿದ್ದಳು. ಅವನ ಹೆಂಡತಿ ಕರೆವ್ವ ಬಾಗಿಲಲ್ಲೇ ತರುಬಿದಳು. "ಬರ್ರಿ, ಬರ್ರಿ. ನಿಮ್ಮ ಭೋಂಗಾ ಮುದುಕನ ಕಾಲ ಮುರೀತು. ಈಗ ನನ್ನ ಕಾಲ ಅಳತಿ ತಗೊಳ್ಳಾಕ ಬಂದೀರೇನು?" ಅಷ್ಟಂದು ಒಳಗೆ ಹೋಗಿ, ದೊಡ್ಡ ತಂಬಿಗೆಯ ತುಂಬ ಮಜ್ಜಿಗೆ ತಂದಿಟ್ಟಳು. "ಬಿಸಲಾಗ ಬಂದೀರಿ, ಕುಡೀರಿ ಮದಲ."

ಆ ಮಜ್ಜಿಗೆ ಕುಡಿದು ಸುಚೇತಾ ಮಾತು ಕೊಟ್ಟಿದ್ದಳು: "ಇನ್ನೊಮ್ಮೆ ಅದು ಸುಳ್ಳ ಊದಂಗಿಲ್ಲ, ಕರೆವ್ವಾ."

"ಖರೇ ಊದಿದ್ರ ಎಲ್ಲಾರಕಿಂತ ಮುಂಚೆ ನಾ ಓಡತೇನಿ. ಸುಳ್ಳ ಊದಿದ್ರ ಆ ಕಂಬ ಕಡದ ಒಲಿಗೆ ಹಾಕತೇನಿ, ನೋಡ್ರಿ."

"ಕಬ್ಬಿಣ ಒಲ್ಯಾಗ ಉರೀತೈತೇನ, ಹುಚ್ಚಿ?" ಎಂದು ಹಾಸಿಗೆಯ ಮೇಲಿಂದ ಶಟ್ಟೆಪ್ಪ ನಕ್ಕಿದ್ದ.

ತಿರುಗಿ ಬಂದ ಸುಚೇತಾ ಪುಸ್ತಕ ಹಿಡಿದು ಕುಳಿತು ಕಾವಲು ಕಟ್ಟುವ ವಿದ್ಯೆ ಕಲಿತಳು. ಕಂಪ್ಯೂಟರಿನ ಪ್ರತಿಯೊಂದು ಕಡತಕ್ಕೂ, ಪ್ರತಿಯೊಂದು ಪ್ರೋಗ್ರಾಮಿಗೂ ಒಂದೊಂದು ಲೇಬಲ್ ಅಂಟಿಸಿದಳು. ಭೋಂಗಾದ ಪ್ರೋಗ್ರಾಮ್ ಭೋಂಗಾದ ಲೇಬಲ್ ಇದ್ದದ್ದನ್ನಷ್ಟೇ ಮುಟ್ಟಬೇಕು. ಬೇರೆ ಯಾವ ಪ್ರೋಗ್ರಾಮೂ ಭೋಂಗಾವನ್ನು ಮುಟ್ಟಬಾರದು. ಯಜಮಾನನೇ ಬಂದು ಅಪ್ಪಣೆ ಕೊಟ್ಟರೂ ಕಾವಲು ಕೇಳುವುದಿಲ್ಲ. ಲೇಬಲ್ ನೋಡುತ್ತದೆ, ನಿಯಮ ನೋಡುತ್ತದೆ, ಅಷ್ಟೇ. ಕಡೆಗೆ ಒಂದು ಕೀಲಿಯನ್ನೂ ಹಾಕಿದಳು: ಯಂತ್ರ ನಡೆಯುತ್ತಿರುವಾಗ ನಿಯಮ ಬದಲಿಸಲಾಗದು, ಕಾವಲು ಇಳಿಸಲೂ ಆಗದು.

ಆ ಕೀಲಿ ಈಗ ಅವಳನ್ನೇ ಹೊರಗಿಟ್ಟಿತ್ತು.

ಬೆಳಗಾವಿಯಿಂದ ಮೇಲಧಿಕಾರಿ ಸಂಕೇತನ ಫೋನು ಬಂತು. "ಮೇಡಂ, ಆ ಕಾವಲು ತಗದ ಒಗೀರಿ."

"ಯಂತ್ರ ಆರಿಸಿ ಹಚ್ಚಲಾರದ ತಗೀಲಿಕ್ಕೆ ಬರೂದಿಲ್ಲ, ಸರ್."

"ಹಂಗಾದ್ರ ಆರಿಸಿ ಹಚ್ರಿ!"

"ಹಳೇ ಯಂತ್ರ. ಅದು ಎದ್ದು, ಒಂದೊಂದ ಕಂಬದ ಜೋಡಿ ಮಾತಾಡಿ ಮುಗಸೂದ್ರಾಗ ನೀರು ಮನೋಳಿ ದಾಟಿರತದ. ಕಾವಲಿಲ್ಲದ ಎದ್ದರ ಹೊರಗಿನವರಿಗೆ ಬಾಗಲಾನೂ ತಗದಂಗ. ಅವರು ದಿನಾ ಕದಾ ತಟ್ಟಲಿಕತ್ತಾರ."

"ಸುಮ್ಮನ ಕೂಡೂದಕ್ಕಿಂತ ಅದ ಪಾಡಲ್ಲೇನ್ರಿ? ನಾಳೆ ಜವಾಬು ಯಾರು ಕೊಡತೀರಿ?"

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದೇ ಕಷ್ಟ. ಸುಚೇತಾಳ ಬೆರಳು ಯಂತ್ರ ಆರಿಸುವ ಗುಂಡಿಯ ಹತ್ತಿರ ಹೋಗಿ ನಿಂತಿತು. ಒಮ್ಮೆ ಒತ್ತಿದರೆ ಮುಗಿಯಿತು. ಯಂತ್ರ ಏಳುವತನಕ ಮಾಡಲು ಬೇರೇನೂ ಉಳಿಯುವುದಿಲ್ಲ. ಒತ್ತದೆ ಹುಡುಕಿದರೆ ಸಿಗಬಹುದು, ಸಿಗದಿರಲೂಬಹುದು.

ಆಗ ಪಕ್ಕದ ಮೇಜಿನ ತ್ರ್ಯಂಬಕರಾಯರು ಎದ್ದು ಬಂದರು. ಬರುವ ಸಂಕ್ರಾಂತಿಗೆ ನಿವೃತ್ತರಾಗಲಿದ್ದ, ಮಿತಭಾಷಿ ಮನುಷ್ಯ. ಪಂಚಾಯಿತಿಗೆ, ಠಾಣೆಗೆ, ಗೊತ್ತಿದ್ದ ಮನೆಗಳಿಗೆಲ್ಲ ಫೋನು ಮಾಡಿ ಅವರ ಗಂಟಲು ಒಣಗಿತ್ತು. ಊರಿಂದ ಇಬ್ಬರು ಓಡಿದ್ದರು, ಆದರೆ ಕೌದಿ ಒಗೆಯುವ ಬಂಡೆಗಳು ಹೊಲಗಳಾಚೆ, ಹೊಳೆಯ ತಿರುವಿನಲ್ಲಿದ್ದವು. ರಾಯರು ಅವಳ ಕೈಯಿಂದ ಫೋನು ತೆಗೆದುಕೊಂಡರು.

"ಸಾಹೇಬರ, ತ್ರ್ಯಂಬಕ ಮಾತಾಡಲಿಕತ್ತೀನಿ. ಬೈಯೂದಿದ್ರ ನನಗ ಬೈರಿ. ಆಕಿ ಕೈ ಖಾಲಿ ಇಲ್ಲ."

ಅವಳ ಮುಂದೆ ಒಂದು ಲೋಟ ನೀರಿಟ್ಟು, ಫೋನನ್ನು ಕಿವಿಗೆ ಹಿಡಿದುಕೊಂಡೇ ಅವರು ಕಿಟಕಿಯ ಕಡೆ ನಡೆದರು. ಅಲ್ಲಿ ನಿಂತು "ಹೌದ್ರಿ... ನನ್ನ ತಪ್ಪ ಅಂತ ಬರಕೊಳ್ರಿ... ಹೌದ್ರಿ" ಅನ್ನುತ್ತಲೇ ಇದ್ದರು.

ಸುಚೇತಾ ನೀರು ಕುಡಿದಳು. ಬೆರಳು ಗುಂಡಿಯಿಂದ ಹಿಂದೆ ಸರಿಯಿತು.

ನಿನ್ನೆಯ ತನಕ ಎಲ್ಲ ಸರಿಯಿತ್ತು. ಇಂದು ಮುಂಜಾನೆ ಬದಲಾದದ್ದು ಒಂದೇ. ಮನೋಳಿಯ ಕಂಬವನ್ನು ಹೊಳೆಯ ತಿರುವಿಗೆ ಸರಿಸಿ ನಿಲ್ಲಿಸಿದ್ದರಿಂದ, ಕಂಬಗಳ ವಿವರದ ಕಡತವನ್ನು ಅವಳು ಹೊಸದಾಗಿ ಬರೆದಿದ್ದಳು. ಸರಿಸಿದ ಕಂಬಕ್ಕೆ ಕೈಯಿಂದ ಒತ್ತುವ ಗುಂಡಿ ಇನ್ನೂ ಕೂಡಿಸಿರಲಿಲ್ಲ. ಊದಿಸಿ ಪರೀಕ್ಷೆ ಮಾಡೋಣವೆಂದರೆ, ಆ ಸುಳ್ಳು ಭೋಂಗಾದ ನಂತರ ಊರಲ್ಲಿ ಡಂಗುರ ಸಾರದೆ ಊದಿಸಬಾರದೆಂದು ಪಂಚಾಯಿತಿಯವರು ಕರಾರು ಹಾಕಿದ್ದರು. ಭೋಂಗಾದ ಪ್ರೋಗ್ರಾಮಾದರೂ ಆ ಕಡತವನ್ನು ತೆರೆಯುವುದು ಊದುವ ಹೊತ್ತಿಗಷ್ಟೇ.

ಕಡತವನ್ನು ನೋಡಿದಳು. ಇರಬೇಕಾದ ಜಾಗದಲ್ಲೇ ಇತ್ತು. ಹೆಸರು ಸರಿ. ಒಡೆತನ ಸರಿ. ನಿಯಮ ತೆರೆದು ಓದಿದಳು: ಭೋಂಗಾದ ಪ್ರೋಗ್ರಾಮ್ ತನ್ನ ಕಡತಗಳನ್ನು ಓದಬಹುದು. ಅದೂ ಸರಿ. ಎಲ್ಲವೂ ಸರಿಯಿದ್ದು ಬಾಗಿಲು ಮಾತ್ರ ಮುಚ್ಚಿತ್ತು. ಕೆಂಪು ಸಾಲನ್ನು ಪೂರ್ತಿ ಓದಬೇಕೆಂದರೆ ಹೊಳೆಯ ಚಿತ್ರ ತೋರಿಸುವ ಆ ಪ್ರೋಗ್ರಾಮಿನ ತಕರಾರುಗಳು ಒಂದರ ಮೇಲೊಂದು ಬಂದು ಅದನ್ನು ಪರದೆಯಾಚೆ ತಳ್ಳುತ್ತಿದ್ದವು.

ಮೇಜಿನ ಮೇಲಿದ್ದ ಕಚೇರಿ ಫೋನಿನ ಸ್ಪೀಕರಿನಲ್ಲಿ ಲಕ್ಷ್ಮಣನ ಉಸಿರು. "ಸೇತುವೆ ಮ್ಯಾಲೆ ಬಂದೇನ್ರಿ. ಅಲ್ಲೆ ಕಾಣಾಕತ್ತಾರ, ಗುಬ್ಬಿಯಂಗ. ಒದರಿದ್ರ ಕೇಳವಲ್ದು. ಅಕ್ಕಾರ, ನೀರಿನ ಬಣ್ಣ ಬದಲಾತ್ರಿ!"

"ಸರಿ ಜಾಗಾದಾಗ ಇಟ್ಟೀನಲ್ಲ," ಎಂದು ಸುಚೇತಾ ತನಗೆ ತಾನೇ ಅಂದುಕೊಂಡಳು. "ಸರಿ ಜಾಗಾದಾಗ ಇಟ್ಟೀನಿ..."

ಈ ಮಾತನ್ನು ಇವತ್ತು ಆಗಲೇ ಒಮ್ಮೆ ಅಂದಿದ್ದೆನಲ್ಲ, ಅನ್ನಿಸಿತು.

ಮುಂಜಾನೆ ಮನೆಯಲ್ಲಿ ಅಂದಿದ್ದಳು. ಅತ್ತೆ ಮಥುರಾಬಾಯಿಯವರು ಇಂದಿಗೂ ಮಡಿಯಲ್ಲೇ ಪೂಜೆ ಮಾಡುವವರು. ತೊಳೆದ ಸೀರೆಯನ್ನು ಯಾರೂ ಮುಟ್ಟದ ಹಾಗೆ ದೇವರ ಕೋಣೆಯ ಎತ್ತರದ ಬಿದಿರ ಗಳುವಿನ ಮೇಲೆ ಒಣಹಾಕಿ, ಅದನ್ನೇ ಉಡಬೇಕು. ಮನುಷ್ಯರನ್ನು ದೂರ ನಿಲ್ಲಿಸುವ ಈ ಮಡಿ ಸುಚೇತಾಗೆ ಎಂದೂ ಹಿಡಿಸಿರಲಿಲ್ಲ. ಆದರೂ ಮುದುಕಿಗೆ ಮೊಣಕಾಲು ನೋವೆಂದು ಗೊತ್ತು. ಸಹಾಯವಾಗಲೆಂದು ಅಂಗಳದ ಹಗ್ಗದ ಮೇಲೆ ಒಣಗಿದ್ದ ಸೀರೆಯನ್ನು ಒಯ್ದು ಗಳುವಿನ ಮೇಲೆ ಹಾಕಿಬಿಟ್ಟಿದ್ದಳು. ಅತ್ತೆ ಬೈಯಲಿಲ್ಲ. ಅದನ್ನು ಮೆಲ್ಲಗೆ ಇಳಿಸಿ, ಮತ್ತೆ ನೀರಲ್ಲಿ ಅದ್ದಿದರು.

"ಯಾಕತ್ತಿ, ಸರಿ ಜಾಗಾದಾಗ ಇಟ್ಟಿದ್ದೆನಲ್ಲ?" ಎಂದದ್ದಕ್ಕೆ ಅವರು ನಕ್ಕಿದ್ದರು.

"ಇಟ್ಟ ಜಾಗಾ ಮಡಿ ಮಾಡೂದಿಲ್ಲವಾ. ಒಣಗಿದ ಜಾಗಾ ಮಾಡತದ. ಅಂಗಳದಾಗ ಒಣಗಿದ್ದು ಗಳಾ ಏರಿದ್ರೂ ಅಂಗಳದ್ದ."

ಸುಚೇತಾ ಮತ್ತೆ ಪರದೆಗೆ ತಿರುಗಿದಳು.

ಹೊಸ ಕಡತವನ್ನು ಅವಳು ಬರೆದದ್ದು ಕಂಪ್ಯೂಟರಿನೊಳಗಿನ ತನ್ನ ಸ್ವಂತ ಕಪಾಟಿನಲ್ಲಿ. ಅಲ್ಲಿಂದ ನಕಲು ಮಾಡಿದ್ದರೆ, ಹೊಸ ಜಾಗದಲ್ಲಿ ಹೊಸದಾಗಿ ಹುಟ್ಟಿದ ನಕಲಿಗೆ ಆ ಜಾಗದ ಲೇಬಲ್ಲೇ ಬರುತ್ತಿತ್ತು. ಅವಳು ನಕಲು ಮಾಡದೆ, ಇದ್ದದ್ದನ್ನು ಎತ್ತಿ ಹಾಗೆಯೇ ಸರಿಸಿಬಿಟ್ಟಿದ್ದಳು. ಹುಟ್ಟಿದ ಜಾಗದ ಲೇಬಲ್ ಅದರ ಬೆನ್ನಿಗೆ ಅಂಟಿಕೊಂಡೇ ಬಂದಿತ್ತು. ಕಾವಲಿನ ಕಣ್ಣಿಗೆ ಅದು ಭೋಂಗಾದ ಕಡತವೇ ಅಲ್ಲ. ಸುಚೇತಾಳ ಖಾಸಗಿ ಕಡತ. ಅಂಗಳದ ಸೀರೆ.

ಲೇಬಲ್ ತೋರಿಸೆಂದು ಯಂತ್ರವನ್ನು ಕೇಳಿದಳು. ತೋರಿಸಿತು. ಹೌದು, ಅದೇ.

ಕೀಲಿ ಹಾಕಿದ್ದು ನಿಯಮಗಳಿಗೆ. ಕಡತದ ಬೆನ್ನಿನ ಲೇಬಲ್ಲಿಗಲ್ಲ. ಜಾಗಕ್ಕೆ ತಕ್ಕ ಲೇಬಲ್ ಹಚ್ಚು ಎಂಬ ಒಂದೇ ಸಾಲಿನ ಆಜ್ಞೆ ಸಾಕು. ಅವಸರದಲ್ಲಿ ಮೊದಲ ಸಲ ತಪ್ಪು ಬರೆದಳು. ಅಳಿಸಿ ಬರೆದಳು. ಒತ್ತಿದಳು. ಪ್ರೋಗ್ರಾಮನ್ನು ಮತ್ತೆ ಎಬ್ಬಿಸಿದಳು.

ಕೆಂಪು ಸಾಲು ಬರಲಿಲ್ಲ. ಏನೂ ಬರಲಿಲ್ಲ. ಕೋಣೆಯಲ್ಲಿ ಫ್ಯಾನಿನ ಸದ್ದು, ರಾಯರ "ಹೌದ್ರಿ".

ಆಮೇಲೆ ಫೋನಿನೊಳಗಿಂದ, ದೂರದಿಂದ, ದನ ಒರಲಿದ ಹಾಗೆ ಶುರುವಾದ ದನಿ ಏರುತ್ತ ಏರುತ್ತ ಕಿವಿ ತುಂಬಿತು.

"ಒದರೇತ್ರಿ!" ಎಂದು ಕಿರುಚಿದ ಲಕ್ಷ್ಮಣ. ಮರುಕ್ಷಣವೇ ಅವನ ದನಿ ಇಳಿಯಿತು. "ಯವ್ವಾ... ಯಾರೂ ಏಳವಲ್ರು. ಕುಂತಲ್ಲೇ ಕತ್ತೆತ್ತಿ ಕಂಬ ನೋಡಾಕತ್ತಾರ. ಬಿಸಲಾಗ ಹೊಳಿ ಬರತೈತೇನು ಅಂತ ನಗಾಕತ್ತಾರ ಕಾಣತೈತಿ."

ಸುಚೇತಾ ಕಣ್ಣು ಮುಚ್ಚಿದಳು. ಒಂದು ಸಲ ಸುಳ್ಳು ಹೇಳಿದ ಭೋಂಗಾ ಅದು. ಇನ್ನು ಯಾವ ಆಜ್ಞೆ ಬರೆದರೂ ಆ ಹೆಂಗಸರ ಕಾಲು ಕೀಳುವಂತಿರಲಿಲ್ಲ.

"ತಡೀರಿ, ತಡೀರಿ, ದಂಡೀಗುಂಟ ಓಡಾಕತ್ತೇನಿ. ಒಬ್ಬಾಕಿ ಎದ್ದಳು. ಕರೆವ್ವಾಯಿ! ಕೌದಿ ಅಲ್ಲೇ ಬಿಟ್ಟಳ್ರಿ! ಸೊಸಿ ಮಂಜುಳಾನ ಜಡಿ ಹಿಡದ ಜಗ್ಗಾಕತ್ತಾಳ! ಉಳದವ್ರಿಗೂ ಬೈಯಾಕತ್ತಾಳೇನೋ, ಕೈ ಬೀಸಾಕತ್ತಾಳ. ಎದ್ರು... ಎಲ್ಲಾ ಎದ್ರು... ಏ, ಕೌದಿ ಬಿಡಬೇ! ಬಿಡ ಅದನ್ನ!"

ಭೋಂಗಾದ ಅಬ್ಬರದಲ್ಲಿ ಮಾತು ಮುಳುಗಿತು. ಆಮೇಲೆ ಲೈನೇ ಹೋಯಿತು.

ರಾಯರು ಫೋನು ಇಟ್ಟು ಬಂದು ಅವಳ ಪಕ್ಕದಲ್ಲಿ ಕುಳಿತರು. ಪರದೆಯ ಮೇಲೆ ಮನೋಳಿಯ ನೀರಿನ ಮಟ್ಟದ ಗೆರೆ ತಟಸ್ಥವಾಗಿದ್ದದ್ದು ಒಮ್ಮೆಲೇ ತಲೆಯೆತ್ತಿ ನೆಟ್ಟಗೆ ಏರಿತು. ಸುಚೇತಾ ರಾಯರ ಅಂಗಿಯ ತೋಳನ್ನು ಹಿಡಿದುಕೊಂಡಿದ್ದು ಅವಳಿಗೇ ಗೊತ್ತಿರಲಿಲ್ಲ. ಅವರು ಬಿಡಿಸಿಕೊಳ್ಳಲಿಲ್ಲ.

ಫೋನು ಬಂದಾಗ ದನಿ ಲಕ್ಷ್ಮಣನದಾಗಿರಲಿಲ್ಲ.

"ಏ ಬಾಯಾರ! ನಾ ಕರೆವ್ವ. ಈ ಲಕ್ಷ್ಮಣ ದಂಡೀಮ್ಯಾಲೆ ಕುಂತು ಅಳಾಕತ್ತಾನ, ಗಂಡಸಾಗಿ. ಎಲ್ಲಾರೂ ಮ್ಯಾಲೆ ಬಂದೇವಿ. ಹೊಳಿ ಬಂಡಿಗಲ್ಲು ಮುಚ್ಚೇತಿ ನೋಡ್ರಿ, ಕೆಂಪಗ."

"ಎಲ್ಲಾರೂ ಬಂದ್ರ್ಯಾ?"

"ಬಂದೇವಿ ಅಂದ್ನಲ್ರಿ. ಕೌದಿ ಅಷ್ಟ ಹೋದೂ ರಾಮದುರ್ಗಕ್ಕ. ಅಲ್ಲೆ ಯಾವ ಪುಣ್ಯಾತಗಿತ್ತಿ ಹೊಚ್ಚಗೊಳ್ತಾಳೋ! ನಮ್ಮ ಮುದುಕಗ ಈಗ ಕಾಲ ಕೆಳಗ ಹಾಕಾಕ ಒಂದ ಅರಿವಿ ಇಲ್ಲ. ನಿಮ್ಮ ಕಂಬ ಏನೋ ಉಳ್ಕೊಂತು ಒಲೀಗೆ ಹೋಗೂದು. ನನ್ನ ಕೌದಿ ಯಾರು ಕೊಡತಾರು?"

ಸುಚೇತಾ ನಗಲು ಹೋದಳು, ಅಳು ಬಂತು.

ಇಳಿಹೊತ್ತಿಗೆ ಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ಹೇಳಿದಳು. ಲೇಬಲ್ಲಿನ ವಿಷಯ ಮಥುರಾಬಾಯಿಯವರಿಗೆ ಅರ್ಥವಾಯಿತೋ ಇಲ್ಲವೋ. ಮುರಿದ ಕಾಲಿನ ವಿಷಯ ಬಂದಾಗ ಮಾತ್ರ "ಇನ್ನೊಮ್ಮೆ ಹೇಳು" ಅಂದರು. ಆಮೇಲೆ ಮೊಣಕಾಲಿಗೆ ಕೈಕೊಟ್ಟು ಎದ್ದು, ದೇವರ ಕೋಣೆಗೆ ಹೋಗಿ, ಯಾರೂ ಮುಟ್ಟಬಾರದ ಆ ಗಳುವಿನ ಮೇಲಿಂದ ಎರಡು ಹಳೆಯ ಇಳಕಲ್ ಸೀರೆಗಳನ್ನು ಇಳಿಸಿ ತಂದು ಸೊಸೆಯ ತೊಡೆಯ ಮೇಲೆ ಹಾಕಿದರು.

"ಅತ್ತೀ, ಇವು ಮಡಿ ಸೀರಿ."

"ಉಟ್ಟು ಉಟ್ಟು ಮೆತ್ತಗಾಗ್ಯಾವ. ಕೌದಿಗೆ ಹಿಂಥಾವ ಚೊಲೊ," ಎಂದರು ಮಥುರಾಬಾಯಿ. "ನೋವಿನ ಕಾಲಿಗೆ ಚುಚ್ಚೂದಿಲ್ಲ. ನಾಳೆ ಮುಂಜಾನೆ ಮನೋಳಿಗೆ ಹೋಗಿ ಕೊಟ್ಟು ಬಾ. ಆಕಿ ಮಜ್ಜಿಗಿ ಕೊಟ್ರ ಒಲ್ಲೆ ಅನಬ್ಯಾಡ ಮತ್ತ."