ಫೌಸ್ತಿನೊ ಗುಡಿಸಿದ ದೊಡ್ಡಿ

ನನ್ನ ಗಂಡ ಫೌಸ್ತಿನೊ ಕಟ್ಟಿದ ಗೋಡೆ ನೋಡೋಕೆ ಆಚೆ ಕಣಿವೆಯಿಂದಲೂ ಜನ ಬಂದರು. ಬಂದವರು "ಅಬ್ಬಬ್ಬಾ, ಎಂಥಾ ಗೋಡೆ!" ಅಂದು, ನಾನು ಕಾಸಿದ ಜೋಳದ ಹೆಂಡ, ಚಿಚಾ, ಕುಡಿದು ಬಾಯಿ ಒರೆಸಿಕೊಂಡು ಹೋದರು. ಎಲ್ಲರಿಗೂ ಇಷ್ಟ ಆಯ್ತು. ಯಾರಿಗಾಗಿ ಕಟ್ಟಿದ್ದೋ ಆ ಉದ್ದಕತ್ತಿನ, ಉಣ್ಣೆ ಕೊಡೋ ಅಲ್ಪಾಕಾಗಳಿಗೆ ಮಾತ್ರ ಒಳಗೆ ನಿಲ್ಲೋಕೆ ಮನಸ್ಸಿರಲಿಲ್ಲ.

ನನಗೆ ಬೇಕಾಗಿದ್ದು ಗೋಡೆ ಅಲ್ಲ, ಯಾನಾಳ ಮರಿ. ಯಾನಾ ನನ್ನ ಅಲ್ಪಾಕಾ. ಮದುವೆಯಲ್ಲಿ ನಮ್ಮಮ್ಮ ಅವಳ ಕಿವಿಗೆ ಕೆಂಪು ಉಣ್ಣೆ ಕಟ್ಟಿ ನನ್ನ ಜೊತೆ ಕಳಿಸಿದ್ದಳು. ಇದ್ದಿಲಿನಷ್ಟು ಕಪ್ಪು. ಪೇಟೆಯವರು ಬಿಳಿ ಉಣ್ಣೆಯೇ ಬೇಕು ಅಂತಾರೆ, ಹಾಗಾಗಿ ಈ ಗುಡ್ಡದ ಮೇಲೆ ಕರಿಯವು ಮುಗಿದೇ ಹೋದವು. ಹೋದ ವರ್ಷ ಪೂಮಾ ನಮ್ಮ ಹಳೇ ಮೋಟುಗೋಡೆ ಹಾರಿ ಅವಳ ಮರಿಯನ್ನ ಕಚ್ಚಿಕೊಂಡು ಹೋಯ್ತು. ಈಗ ಮತ್ತೆ ಗಬ್ಬ. ವಯಸ್ಸಾಗಿದೆ, ಇದೇ ಕೊನೇದು.

"ಈ ಸಲವೂ ಮರಿ ಹೋದ್ರೆ ನಿನ್ನ ಆಲೂಗಡ್ಡೆ ನೀನೇ ಬೇಯಿಸ್ಕೋ," ಅಂದೆ. ಆಗ ಎದ್ದ ಮಹಾರಾಯ.

ಮುಯ್ಯಾಳಿಗೆ ಊರೆಲ್ಲ ಬಂತು. ಮುಂದಾಳು ನಮ್ಮ ಕಂಪಾದ್ರೆ ಇಲಾರಿಯೊ, ಅಂದರೆ ಚರ್ಚಿನಲ್ಲಿ ನಮ್ಮ ಮಗಳಿಗೆ ಹೆಸರಿಡುವಾಗ ಎತ್ತಿ ಹಿಡಿದವನು. ಅವನ ದೊಡ್ಡಿಯ ಗೋಡೆ ಎದೆಮಟ್ಟ. ಅಂದಮೇಲೆ ನಮ್ಮದು ತಲೆಗಿಂತ ಮೇಲಿರಬೇಕು ತಾನೇ? ಪೂಮಾ ಎಷ್ಟು ಎತ್ತರ ಹಾರುತ್ತೆ ಅಂತ ಯಾರೂ ಕೇಳಲಿಲ್ಲ, ಕಂಪಾದ್ರೆ ಗೋಡೆ ಎಷ್ಟು ಅಂತ ಮಾತ್ರ ಕೇಳಿದರು. ಒಳಗಡೆ ಮುಳ್ಳುತಂತಿ ಬಿಗಿಯೋಕೂ ಹೊರಟಿದ್ದ ನನ್ನ ಗಂಡ.

"ಉಣ್ಣೆ ಕತ್ತರಿಸೋದು ನಾವೋ, ತಂತಿಯೋ?" ಅಂತ ಕೇಳಿದೆ. ತೆಗೆದ.

ಸುಳ್ಳು ಯಾಕೆ ಹೇಳಲಿ, ಕೆಲಸ ಚೆನ್ನಾಗಿತ್ತು. ಮರಿಯ ಕಾಲು ಸಿಕ್ಕಿಕೊಳ್ಳದ ಹಾಗೆ ಸಂದುಗಳಿಗೆಲ್ಲ ಸಣ್ಣ ಕಲ್ಲು ತುರುಕಿದರು. ಪೂಮಾ ಉಗುರು ಊರದ ಹಾಗೆ ಮೇಲಿನ ಕಲ್ಲುಗಳನ್ನ ಹೊರಕ್ಕೆ ಚಾಚಿ ಇಟ್ಟರು. ಅಷ್ಟಕ್ಕೇ ನಿಂತಿದ್ದರೆ ನಾನು ಈ ಕಥೆ ಹೇಳ್ತಾ ಇರಲಿಲ್ಲ. ಕೊನೇ ದಿನ ನನ್ನ ಗಂಡ ಸಾಹೇಬರು ಪೊರಕೆ ಹಿಡಿದರು! ಮೂಲೆಯಲ್ಲಿದ್ದ ಮಂದೆಯ ಹಳೇ ಹಿಕ್ಕೆ ಗುಡ್ಡೆಯನ್ನ ಪೂರ್ತಿ ಬಾಚಿ ಬಾಗಿಲಾಚೆ ಇಳಿಜಾರಿಗೆ ಸುರಿದ, ನೋಡೋಕೆ ಬಂದವರಿಗೆ ನಾತ ಬರಬಾರದಂತೆ. ಮನೆಯೊಳಗೆ ಒಂದು ದಿನ ಕಸ ಗುಡಿಸಿದವನಲ್ಲ.

ಸಂಜೆ ಮಂದೆ ಒಳಗೆ ಹೊಡೆದೆವು. ನೆಲ ಮೂಸಿದವು, ಮೂಲೆ ಮೂಲೆ ಮೂಸಿದವು, ಆಮೇಲೆ ಎಲ್ಲಾ ಒಟ್ಟಿಗೇ ತಿರುಗಿ ಬಾಗಿಲಿಗೆ ನುಗ್ಗಿದವು. ಒಂದು ಫೌಸ್ತಿನೊನ ಹೊಸ ಟೋಪಿಗೆ ಉಗಿಯಿತು. ಯಾನಾ ನೂಕುನುಗ್ಗಲಲ್ಲಿ ಸಿಕ್ಕಿ, ಅವಳ ಹೊಟ್ಟೆ ಬಾಗಿಲ ಕಲ್ಲಿಗೆ ಒತ್ತಿಕೊಳ್ತು.

"ತೆಗಿಯೋ ಬಾಗಿಲು! ಮರಿ ಸಾಯುತ್ತೋ!" ಅಂತ ಕಿರುಚಿದೆ.

ತೆಗೆದದ್ದೇ ತಡ, ಎಲ್ಲಾ ಇಳಿಜಾರಿಗೆ ಓಡಿ ಅಲ್ಲೇ ಮಲಗಿದವು. ಗೋಡೆ ಒಳಗೆ ಖಾಲಿ, ಮಂದೆ ಹೊರಗೆ. ನಾಯಿ, ಬೆಂಕಿ ಇಟ್ಟುಕೊಂಡು ಕಾದೆವು. ಬೆಳಿಗ್ಗೆ ಮಂಜಿನ ಮೇಲೆ ಪೂಮಾ ಹೆಜ್ಜೆ ಯಾನಾ ಮಲಗಿದ್ದ ಜಾಗದ ಹತ್ತಿರಕ್ಕೇ ಬಂದು ವಾಪಸ್ ಹೋಗಿತ್ತು.

ಫೌಸ್ತಿನೊಗೆ ಕಾರಣ ಗೊತ್ತಾಗಿಬಿಟ್ಟಿತ್ತು. "ಭೂತಾಯಿ ಪಾಚಮಾಮಾ ಮುನಿಸ್ಕೊಂಡಿದಾಳೆ. ಪಾಯ ಹಾಕುವಾಗ ಅವಳ ಕಾಣಿಕೆಗೆ ಕಂಪಾದ್ರೆ ಕೊಟ್ಟ ಕೋಕಾ ಎಲೆ ಹರಿದಿತ್ತು."

ಇಲಾರಿಯೊ ಕೆಂಡವಾದ. "ನನ್ನ ಎಲೆ ಹರಿದಿತ್ತಾ? ನಿಮ್ಮ ಚಿಚಾ ಬರೀ ನೀರು! ಏನ್ ಕೊಮಾದ್ರೆ, ನೀವೇ ಹೇಳಿ," ಅಂತ ನನ್ನ ಕಡೆ ತಿರುಗಿದ; ಮಗಳ ತಾಯಿಯನ್ನ ಅವನು ಕರೆಯೋದು ಹಾಗೆ.

"ನೀರಾಗಿದ್ರೆ ಅಷ್ಟು ಯಾಕೆ ಕುಡಿದ್ರಿ?" ಅಂದೆ.

ಕೊನೆಗೆ ಇಬ್ಬರೂ ಸೇರಿ ದೊಡ್ಡ ಕಾಣಿಕೆ ಸುಡೋದು ಅಂತಾಯ್ತು. ದೊಡ್ಡಿ ಒಳಗೆ, ಗಾಳಿ ತಾಗದ ಗೋಡೆ ಬುಡದಲ್ಲಿ ಹೊಸ ಬಟ್ಟೆ ಹಾಸಿ ಲಾಮಾ ಪ್ರಾಣಿಯ ಕೊಬ್ಬು, ಬಿಳಿ ಜೋಳ, ಬಣ್ಣದ ಮಿಠಾಯಿ, ಒಂದೂ ಹರಿಯದ ಕೋಕಾ ಎಲೆ ಇಟ್ಟರು. ಸುಡೋಕೆ ಹಿಕ್ಕೆ ಬೇಕಲ್ಲ, ನಮ್ಮಲ್ಲಿ ಸೌದೆ ಎಲ್ಲಿದೆ? ಇಳಿಜಾರಿನಿಂದ ಒಂದು ಬುಟ್ಟಿ ತುಂಬಿ ತಂದುಕೊಟ್ಟೆ. ಮೇಲೆ ಒಣಗಿತ್ತು, ತಳದಲ್ಲಿ ಹಸಿ. ಒಣಗಿದ್ದನ್ನ ಬಟ್ಟೆಯ ಪಕ್ಕ ಹಚ್ಚಿದರು. ಬೆಂಕಿಗೆ ಮೊದಲ ಎಲೆ ಯಾರು ಹಾಕಬೇಕು ಅಂತ ಇಬ್ಬರೂ ಜಗಳಕ್ಕೆ ನಿಂತರು. "ದೊಡ್ಡಿ ನಂದು!" "ಕಲ್ಲು ಹೊತ್ತವನು ನಾನು!" ಎಳೆದಾಟದಲ್ಲಿ ಹಸಿ ಹಿಕ್ಕೆಯ ಬುಟ್ಟಿ ಬೆಂಕಿ, ಬಟ್ಟೆ ಎರಡರ ಮೇಲೂ ಕವುಚಿ ಬಿತ್ತು. ಬೆಂಕಿ ಒಂದು ಸಲ ಹೊಗೆ ಉಗುಳಿ ಸತ್ತಿತು.

ಇಬ್ಬರ ಮುಖವೂ ಬೂದಿ ಬಣ್ಣ. ಕಾಣಿಕೆ ಬೆಂಕಿ ಆರೋದಕ್ಕಿಂತ ಕೆಟ್ಟ ಶಕುನ ಇಲ್ಲ. ಟೋಪಿ ತೆಗೆದು ಮಂಡಿಯೂರಿ ಕೂತರು.

ಬಾಗಿಲು ತೆರೆದೇ ಇತ್ತು. ಮಂದೆಯ ಮುಂದಾಳು ಮುದುಕಿ ಅಲ್ಪಾಕಾ ಒಳಗೆ ಬಂದಳು. ಬಟ್ಟೆ ಮೇಲಿದ್ದ ಹಿಕ್ಕೆ ಮೂಸಿದಳು. ನಿಧಾನಕ್ಕೆ ಹಿಂದಕ್ಕೆ ತಿರುಗಿ, ಬಾಲ ಎತ್ತಿ, ಮಿಠಾಯಿ, ಕೊಬ್ಬು, ಹರಿಯದ ಎಲೆ ಎಲ್ಲದರ ಮೇಲೂ ನೆಮ್ಮದಿಯಾಗಿ ಸುರಿದಳು. ಅವಳ ಹಿಂದೆ ಇನ್ನೊಂದು. ಅದರ ಹಿಂದೆ ಸಾಲು. ಕೊನೆಗೆ ಯಾನಾ.

"ಅಯ್ಯೋ, ಕಾಣಿಕೆ!" ಅಂತ ಫೌಸ್ತಿನೊ ಏಳೋಕೆ ಹೋದ. ಅವನ ಭುಜ ಒತ್ತಿ ಕೂರಿಸಿದೆ.

"ಅಲ್ಲಾಡಿದ್ರೆ ನೋಡು! ನಿನ್ನ ಕಕ್ಕಸು ಕಿತ್ತುಹಾಕಿ, ನಿನ್ನನ್ನ ಒಳಗೆ ಕೂಡಿ ಬೀಗ ಜಡಿದ್ರೆ ನೀನು ಸುಮ್ಮನೆ ಮಲಗ್ತೀಯಾ? ಇವೆಲ್ಲ ಹಿಕ್ಕೆ ಹಾಕೋದು ಒಂದೇ ಗುಡ್ಡೆಗೆ, ಅದನ್ನೇ ಹುಡುಕ್ತಿದ್ದಿದ್ದು, ಮಾರಾಯಾ!"

ಓಡಿಹೋಗಿ ಬಾಗಿಲು ಹಾಕಿದೆ. ಒಂದೂ ನುಗ್ಗಲಿಲ್ಲ. ಕಾಲು ಮಡಚಿ ಕೂತು ಮೆಲುಕು ಹಾಕಿದವು.

ಬೆಳಿಗ್ಗೆ ಮಂಜಿನಲ್ಲಿ ಪೂಮಾ ಹೆಜ್ಜೆ ಗೋಡೆಯನ್ನ ಸುತ್ತು ಹಾಕಿತ್ತು. ಒಂದು ಕಡೆ ಕಲ್ಲಿನ ಮೇಲೆ ಉಗುರು ಜಾರಿದ ಗೀರು ಇತ್ತು, ಅಷ್ಟೇ. ಬಿಸಿಲು ಏರಿದ ಮೇಲೆ ಯಾನಾ ಮರಿ ಹಾಕಿದಳು. ಕಿವಿಯಿಂದ ಕಾಲುಗುರಿನವರೆಗೆ ಕಪ್ಪು. ಅದು ನಾಲ್ಕು ಸಲ ಬಿದ್ದು ಎದ್ದು ಮೊಲೆ ಹುಡುಕಿದಾಗ ನಾನು ಗೊಳೋ ಅಂತ ಅತ್ತೆ. ನನ್ನ ಗಂಡನೂ ಕಂಪಾದ್ರೆಯನ್ನ ತಬ್ಬಿಕೊಂಡು ಅತ್ತ.

ಈಗ ಬಂದವರಿಗೆಲ್ಲ ಗೋಡೆಯ ಜೊತೆಗೆ ಪಾಚಮಾಮಾ ಕಾಣಿಕೆ ಒಪ್ಪಿಕೊಂಡ ಜಾಗವನ್ನೂ ತೋರಿಸ್ತಾನೆ. ಅದು ದಿನಾ ಬೆಳೀತಾ ಇದೆ. ಜನ ಟೋಪಿ ತೆಗೆದು ನಿಲ್ತಾರೆ. ನಾನು ಒಲೆಗೆ ಅಂತ ಬುಟ್ಟಿ ಹಿಡಿದು ಹೋದರೆ, "ಬುಡಕ್ಕೆ ಕೈ ಹಾಕಬೇಡ ಕಣೇ, ಪವಿತ್ರ ಜಾಗ," ಅಂತ ನನಗೇ ಬುದ್ಧಿ ಹೇಳ್ತಾನೆ, ಪೊರಕೆ ಹಿಡಿದಿದ್ದ ಮಹಾನುಭಾವ. ಆಯ್ತಪ್ಪಾ ಅಂತ ಮೇಲಿಂದಷ್ಟೇ ಬಾಚಿಕೊಂಡು ಬರ್ತೀನಿ. ನನ್ನ ಕರಿ ಮರಿ ಅಷ್ಟರಲ್ಲಿ ಸಾಲಿನ ಕೊನೇಲಿ ಬಂದು, ತಿರುಗಿ ನಿಂತು, ಅಂಗೈಯಗಲದ ಬಾಲ ಎತ್ತುತ್ತೆ. ಆಗ ನಾನೂ ಟೋಪಿ ತೆಗೀತೀನಿ.