ಎರಡು ಕಡೆಯ ಗೌರವ್ವ

"ಒಬ್ಬಾಕಿನ್ನ ಎರಡು ಕಡೆ ಬರದೀಯಲ್ಲ ಗಂಗಾ, ನಿದ್ದಿಗಣ್ಣಾಗ ಬರದೀಯೇನು?"

ಕುಂದಾ ಬಾಯಿಯವರು ನೋಟುಬುಕ್ಕನ್ನು ಗಂಗಾದೇವಿಯ ಮುಂದೆ ಹಿಡಿದರು. ಗೌರವ್ವ ಎಂಬ ಹೆಸರಿನ ಮೇಲೆ ಕೆಂಪು ಗೀಟು ಬಿದ್ದಾಗಿತ್ತು. ಬೀಡಿ ಎಂಬ ಊರಿನ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದ ಬಾಯಿಯವರ ಕೆಂಪು ಗೀಟು ತಪ್ಪುವುದಿಲ್ಲವೆಂದು ಊರಿಗೆಲ್ಲ ಗೊತ್ತು. ಊರಿಗಿಂತ ಚೆನ್ನಾಗಿ ಅವರಿಗೇ ಗೊತ್ತು. ಪ್ರಬಲ ಗುಣ, ಸುಪ್ತ ಗುಣದ ಪಾಠ ಮುಗಿಸಿ, ಮನೆಯವರ ವಂಶವೃಕ್ಷ ಬರೆದು ತರಲು ಹತ್ತನೆಯ ತರಗತಿಗೆ ಹೇಳಿದ್ದರು.

"ತಪ್ಪಲ್ರೀ ಅಕ್ಕೋರ," ಅಂದಳು ಗಂಗಾ. "ಗೌರವ್ವ ನಮ್ಮಪ್ಪನ ಅವ್ವ. ನಮ್ಮವ್ವನ ಅವ್ವನ್ನ ಹಡದಾಕಿನೂ ಆಕಿನ. ನಮ್ಮವ್ವನ್ನ ಸೋದರಮಾವಗ ಕೊಟ್ಟಾರ್ರಿ. ನಾನೂ ಅವ್ವನೂ ಇಬ್ರೂ ಆಕಿಗೆ ಆಯಿ ಅಂತೀವಿ."

ತರಗತಿಯಲ್ಲಿ ಒಬ್ಬರಿಗೂ ಅಚ್ಚರಿಯಾಗಲಿಲ್ಲ. ಬೆಳಗಾವಿಯ ಮರಾಠಿ ಮನೆಯಲ್ಲಿ ಬೆಳೆದ ಬಾಯಿಯವರಿಗೆ ಮಾತ್ರ ಇದು ಹೊಳೆದೇ ಇರಲಿಲ್ಲ. ಕೆಳಗಿನ ಸಾಲಿನಲ್ಲಿ, ಗಂಗಾಳ ತಂಗಿ ಮಾಯವ್ವನ ಹೆಸರಿನ ಮುಂದೆ 'ಹುಟ್ಟಿದಾಗಿಂದ ಕಿವಿ ಕೇಳುವುದಿಲ್ಲ' ಎಂದು ಬರೆದಿತ್ತು. ಅದನ್ನು ಓದಿ ಅವರ ಬೆರಳು ಎರಡು ಕಡೆಯ ಗೌರವ್ವನತ್ತ ಮರಳಿತು.

ಗಂಟೆ ಬಾರಿಸಿದ ಮೇಲೂ ಗಂಗಾ ಹೋಗಲಿಲ್ಲ. "ಪರೀಕ್ಷಾ ಮುಗದಮ್ಯಾಲ ನನ್ನ ದುಂಡಪ್ಪಮಾವಗ ಕೊಡೂದು ಗಟ್ಟಿ ಮಾಡ್ತಾರಂತ್ರಿ. ಅವ್ವನ ಖಾಸ ತಮ್ಮ. ನೀವು ಹೇಳಿದ ಪಾಠ ಖರೇ ಇದ್ರ, ಮನಿಗೆ ಬಂದು ಹೇಳ್ರಿ. ನನ್ನ ಮಾತು ಯಾರೂ ಕೇಳಂಗಿಲ್ಲ."

ಪಾಠ ಖರೆಯೋ ಅಲ್ಲವೋ ಎಂದು ಅದುವರೆಗೆ ಬಾಯಿಯವರನ್ನು ಯಾರೂ ಕೇಳಿರಲಿಲ್ಲ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ದಿನಾ ಹತ್ತುವ ಖಾನಾಪುರದ ಬಸ್ಸನ್ನು ಬಿಟ್ಟು, ಸೀದಾ ಗಂಗಾಳ ಮನೆಗೆ ನಡೆದರು.

ಪಡಸಾಲೆಯಲ್ಲಿ ಕಂಬಳಿಯ ಮೇಲೆ ಗೌರವ್ವ ಕುಳಿತಿದ್ದಳು. ಆ ಮನೆಯಲ್ಲಿ ಕೊನೆಯ ಮಾತು ಅವಳದೇ. ಗಂಗಾಳ ತಾಯಿ ಭೀಮಕ್ಕ ಚಹಾ ಕೊಟ್ಟು ಅಡುಗೆಮನೆಯ ಬಾಗಿಲಿಗೆ ಸರಿದು ನಿಂತಳು. ಬಾಯಿಯವರು ಮಾಯವ್ವನ ಕಿವಿಯ ಮಾತು ತೆಗೆದರು.

"ಮಾಯಿಗೆ ಕಿವಿ ಹೋಗಿದ್ದು ಗ್ರಹಣದ ಸಲವಾಗಿ ಬಾಯಾರ," ಅಂದಳು ಗೌರವ್ವ. "ಆರು ವರ್ಷದ ಹಿಂದ ದೊಡ್ಡ ಗ್ರಹಣ ಆತಲ್ಲ, ಬಸುರಿ ಇದ್ದಾಕಿ ಹೊರಗ ಹೋಗಿ ಎಮ್ಮಿಗೆ ನೀರು ಇಟ್ಟಳು. ಬ್ಯಾಡಂದ್ರೂ ಕೇಳಲಿಲ್ಲ."

ಭೀಮಕ್ಕ ತಲೆ ತಗ್ಗಿಸಿದಳು. ಆರು ವರ್ಷದಿಂದ ಬಂದವರಿಗೆಲ್ಲ ಹೇಳಿದ ಮಾತು ಅದು.

"ಗ್ರಹಣಕ್ಕ ಕಿವಿ ಹೋಗೂದಿಲ್ರಿ," ಅಂದರು ಬಾಯಿಯವರು. ತರಗತಿಯ ದನಿಯೇ ಹೊರಟಿತು. "ಕೆಲವು ಗುಣ ಮೈಯಾಗ ಅಡಗಿ ಕುಂದರ್ತಾವ. ಒಂದ ಕಡಿಯಿಂದ ಬಂದ್ರ ಕಾಣೂದಿಲ್ಲ. ಅಪ್ಪ, ಅವ್ವ ಇಬ್ಬರ ಕಡಿಯಿಂದನೂ ಬಂದ್ರ ಎದ್ದು ಕಾಣ್ತಾವ. ಇಬ್ಬರೂ ಒಂದ ಬಳ್ಳಿಯವರಾದ್ರ ಹಂಗ ಆಗೂದು ಹೆಚ್ಚು. ದುಂಡಪ್ಪಗ ಗಂಗಾನ್ನ ಕೊಟ್ರ ಆಗೇ ಆಗತೈತಿ ಅಂತ ನಾ ಹೇಳೂದಿಲ್ಲ. ಆದ್ರ ನನ್ನ ಮಗಳಾಗಿದ್ರ ನಾ ಕೊಡ್ತಿದ್ದಿಲ್ಲ."

ಗೌರವ್ವ ಬೆರಳು ಮಡಚುತ್ತ ಲೆಕ್ಕ ಹಾಕಿದಳು. ಮಗ ಒಂದು ಕಡೆ, ಮಗಳ ಮಗಳು ಇನ್ನೊಂದು ಕಡೆ. ಮುದುಕಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಆದರೆ ದಡ್ಡಿಯಲ್ಲ.

"ಅಂದ್ರ ನನ್ನಿಂದ ಬಂದದ್ದನ?"

"ನಿಮ್ಮಿಂದರ ಬಂದಿರಬೇಕು, ಇಲ್ಲಾ ನಿಮ್ಮ ಯಜಮಾನರಿಂದ. ಯಾರ ತಪ್ಪೂ ಅಲ್ರಿ ಅದು."

"ಇನ್ನೊಮ್ಮೆ ಹೇಳ್ರಿ ಅಕ್ಕೋರ," ಎಂದು ಬಾಗಿಲ ಕಡೆಯಿಂದ ದನಿ ಬಂತು. ಭೀಮಕ್ಕನ ಕಣ್ಣು ತುಂಬಿದ್ದವು. "ಗ್ರಹಣಕ್ಕ ಅಲ್ಲ ಅಂದ್ರಲ್ಲ, ಅದನ್ನ."

"ಗ್ರಹಣಕ್ಕ ಅಲ್ಲ. ನೀವು ಎಮ್ಮಿಗೆ ನೀರು ಇಟ್ಟದ್ದಕ್ಕೂ ಅಲ್ಲ."

ಭೀಮಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಮೊದಲ ಸಲ ಗೌರವ್ವನನ್ನು ನೇರವಾಗಿ ನೋಡಿದಳು. "ಆಯಿ, ನನ್ನ ಮಗಳನ್ನ ನನ್ನ ತಮ್ಮಗ ಕೊಡಂಗಿಲ್ಲ."

ಬಾಯಿಯವರ ಹಿಂದೆ ನಿಂತಿದ್ದ ಗಂಗಾ ಅವ್ವನ ಪಕ್ಕಕ್ಕೆ ಹೋಗಿ ನಿಂತಳು. ಗೌರವ್ವ ಇಬ್ಬರನ್ನೂ ಒಬ್ಬೊಬ್ಬರಾಗಿ ನೋಡಿದಳು.

"ದುಂಡಪ್ಪಗ ಹೊರಗ ಹೆಣ್ಣ ಸಿಗಂಗಿಲ್ಲೇನು, ಸಿಗತೈತಿ," ಅಂದಳು ಕೊನೆಗೆ. "ಅಲ್ಲ್ಯಾಕ ನಿಂತಿ ಭೀಮಿ? ಬಾ, ಕುಂದರ ಬಾ."

ಭೀಮಕ್ಕ ಅನುಮಾನಿಸುತ್ತ ಬಂದಳು. ಮುದುಕಿ ಎರಡೂ ಕೈ ಊರಿ, ಕಂಬಳಿಯ ಮೇಲೆ ಒಂದಿಷ್ಟು ಬಾಜು ಸರಿದಳು.